ಬಾಗಿಲ ಬಳಿ ಉಳಿದ ಮೇಣ

ಭಾನುವಾರ ಮಧ್ಯಾಹ್ನ ಶಿವಮೊಗ್ಗದ ಸೀರೆ ಮಳಿಗೆಯೊಂದರಲ್ಲಿ ನೆಲದ ಹಳೆಯ ಮೇಣ ತೆಗೆಯುತ್ತಿದ್ದ ಹಾಲಮ್ಮನನ್ನು ಒಳಗೆ ಬಿಟ್ಟು, ಹೊರಗಿನಿಂದ ಷಟರ್ ಎಳೆದು ಬೀಗ ಹಾಕಲಾಯಿತು. ಸಂಜೆ ಬೀಗ ತೆಗೆದಾಗ ಆಕೆ ಸತ್ತಿದ್ದಳು.

ಸೋಮವಾರ ಬೆಳಿಗ್ಗೆ ಠಾಣೆಗೆ ಬಂದ ಅರ್ಜಿಯಲ್ಲಿ ಬೀಗದ ಮಾತೇ ಇರಲಿಲ್ಲ. ಮಳಿಗೆಯ ಮ್ಯಾನೇಜರ್ ದುಶ್ಯಂತ್ ಬರೆದುಕೊಟ್ಟದ್ದು ಇಷ್ಟು: ಕೆಲಸದಾಕೆ ಮೆಟ್ಟಿಲ ಬುಡದಲ್ಲಿ, ಒದ್ದೆ ನೆಲದ ಮೇಲೆ ಜಾರಿ ಬಿದ್ದು ಮೃತಪಟ್ಟಿರುತ್ತಾಳೆ, ಯಾರ ಮೇಲೂ ಅನುಮಾನವಿಲ್ಲ. ಇನ್ಸ್‌ಪೆಕ್ಟರ್ ಸುಷ್ಮಾ ಅದನ್ನು ಓದುತ್ತಿರುವಾಗಲೇ ಭದ್ರಾವತಿಯ ಓಲ್ಡ್ ಟೌನಿನಿಂದ ಮೊದಲ ಬಸ್ಸು ಹಿಡಿದು ಬಂದ ಹೆಂಗಸೊಬ್ಬಳು ಮೇಜಿನೆದುರು ನಿಂತಳು. ಸತ್ತವಳ ತಂಗಿ ಕಾಶಮ್ಮ. ಅಕ್ಕ ತಂಗಿ ಜೋಡಿಯಾಗಿ ಮಳಿಗೆ, ಆಸ್ಪತ್ರೆ, ಬ್ಯಾಂಕುಗಳ ನೆಲ ತಿಕ್ಕುವವರು. ನಿನ್ನೆ ಇವಳಿಗೆ ಜ್ವರ.

"ಜಾರಿ ಬಿದ್ಳು ಅಂತ ಬರ್ಕೊಂಡಿದ್ದಾರಂತೆ," ಎಂದಳು ಕಾಶಮ್ಮ. "ಅವಳು ಜಾರೋಳಲ್ಲ ಮೇಡಂ. ನಮ್ಮಕ್ಕನ ಜೀವ ಹೋಗಿದೆ, ಅವಳ ಕಾಲಿನ ಮೇಲೆ ತಪ್ಪು ಹಾಕ್ಬೇಡಿ. ಅಷ್ಟು ಮಾಡಿ ಸಾಕು."

ಹೆಡ್ ಕಾನ್‌ಸ್ಟೇಬಲ್ ಭೂತಪ್ಪ ಮೆಲ್ಲಗೆ ಹೇಳಿದ, "ಮಾಲೀಕರು ವಿಜಯೇಂದ್ರ ಅವರು ಆಗಲೇ ಮೇಲಿನವರಿಗೆ ಫೋನ್ ಮಾಡಿದ್ದಾರೆ ಮೇಡಂ. ನಾಳೆ ಡಿಸ್ಕೌಂಟ್ ಸೇಲ್ ಶುರುವಂತೆ. ಅಸ್ವಾಭಾವಿಕ ಸಾವು ಅಂತ ಬರೆದು ಮಳಿಗೆ ಬೇಗ ಬಿಟ್ಟುಕೊಡಿ ಅಂತ."

"ಸೇಲಿಗೆ ನಿಮ್ಮ ಮನೆಯವರೂ ಹೋಗ್ತಾರೇನ್ರೀ?"

"ಹೋಗ್ತಿದ್ರು ಮೇಡಂ. ಇನ್ನು ಬಿಡಲ್ಲ."

ಹನ್ನೊಂದು ಗಂಟೆಗೆ ಪಂಚರನ್ನು ಕರೆದುಕೊಂಡು ಸ್ಥಳ ಪಂಚನಾಮೆಗೆ ಹೋದರು. ಮಳಿಗೆಗೆ ಒಂದೇ ಒಂದು ಕಿಟಕಿಯೂ ಇಲ್ಲ. ಎ.ಸಿ. ನಿಂತಿತ್ತು. ಪೇಂಟಿಗೆ ಬೆರೆಸುವ ಥಿನ್ನರ್ ವಾಸನೆ ಇನ್ನೂ ಗಂಟಲಿಗೆ ಅಡರುತ್ತಿತ್ತು. ನೆಲ ನೋಡಿ ಸುಷ್ಮಾ ನಿಂತಲ್ಲೇ ನಿಂತಳು. ಹೊಳೆಯಬೇಕಾದ ನೆಲ ನೀರು ಬೆರೆಸಿದ ಹಾಲು ಚೆಲ್ಲಿದಂತೆ ಬೆಳ್ಳಗೆ ಮಂಕಾಗಿತ್ತು.

"ಇದ್ಯಾಕೆ ಹೀಗೆ?"

ದುಶ್ಯಂತ್ ತಲೆ ತಗ್ಗಿಸಿದ. "ಬೆಳಿಗ್ಗೆ ಹೊಸ ವ್ಯಾಕ್ಸ್ ಹಾಕ್ಸಿದ್ವಿ. ನೆಲ ಆರಿರಲಿಲ್ಲ."

"ಹೆಣ ಇನ್ನೂ ಶವಾಗಾರದಲ್ಲಿದೆ. ನೀವಿಲ್ಲಿ ಪಾಲಿಶ್ ಹೊಡೀತಿದ್ರಾ?"

ಸುಷ್ಮಾ ಮೊಣಕಾಲೂರಿ ನೆಲಕ್ಕೆ ಟಾರ್ಚ್ ಅಡ್ಡ ಹಿಡಿದಳು. ಮುಚ್ಚಲೆಂದು ಬಳಿದ ಮೇಣವೇ ಎಲ್ಲವನ್ನೂ ಹಿಡಿದಿಟ್ಟಿತ್ತು. ಬಿಳಿಯ ಪದರದಡಿಯಲ್ಲಿ ಎರಡು ಗೀರುಗಳು, ಎಳೆದ ಹಿಮ್ಮಡಿಗಳವು, ಜೋಡಿಯಾಗಿ ಹೋಗಿದ್ದವು. ಶುರುವಾದದ್ದು ಷಟರಿನ ಬಳಿ, ಮುಗಿದದ್ದು ಮೆಟ್ಟಿಲ ಬುಡದಲ್ಲಿ.

ಷಟರಿನ ಬಳಿ ಮಾತ್ರ ನೆಲದ ಬಣ್ಣ ಬೇರೆಯಿತ್ತು. ಒಬ್ಬರು ನಿಲ್ಲುವಷ್ಟು ಜಾಗದಲ್ಲಿ ಹಳೆಯ ಮೇಣ ಹಳದಿಯಾಗಿ ಹಾಗೇ ಉಳಿದಿತ್ತು. ಸುಷ್ಮಾಳ ಅವ್ವ ಸಗಣಿ ಸಾರಿಸುತ್ತಿದ್ದದ್ದೂ ಹೀಗೇ. ಒಳಮೂಲೆಯಿಂದ ಹಿಂದೆ ಹಿಂದೆ ಸರಿಯುತ್ತ ಹೊಸಿಲಿಗೆ ಬರುವುದು, ಕೊನೆಗೆ ಹೊಸಿಲು ದಾಟಿ ಹೊರಗೆ ನಿಂತು, ತಾನು ಕಾಲೂರಿದ್ದ ಆ ಜಾಗವನ್ನೂ ಸಾರಿಸಿ ಮುಗಿಸುವುದು. ಹಾಲಮ್ಮ ಇಡೀ ಮಳಿಗೆ ತಿಕ್ಕಿ ಬಾಗಿಲಿಗೆ ಬಂದಿದ್ದಳು. ದಾಟಲು ಹೊಸಿಲು ತೆರೆದಿರಲಿಲ್ಲ.

ಷಟರಿನ ಒಳಮೈಯಲ್ಲಿ ಕೋಲಿನಿಂದ ಬಡಿದ ಗುಳಿಗಳಿದ್ದವು. ಪಕ್ಕದ ಬೇಕರಿಯ ಷಣ್ಮುಖಪ್ಪ ಹೇಳಿಕೆ ಕೊಟ್ಟ: "ಬಡಿಯೋ ಸದ್ದು ಕೇಳ್ತು. ಮಷೀನ್ ಅಂದ್ಕೊಂಡೆ." "ಆಮೇಲೆ ನಿಂತ್ಹೋಯ್ತು," ಎಂದು ಸೇರಿಸಿದ.

ಮಧ್ಯಾಹ್ನ ಮರಣೋತ್ತರ ಪರೀಕ್ಷೆ ಮಾಡಿದ ವೈದ್ಯರು ಫೋನಿನಲ್ಲಿ ತಿಳಿಸಿದರು. ತಲೆಗೆ ಪೆಟ್ಟಿಲ್ಲ. ಥಿನ್ನರ್ ಆವಿಯಿಂದ ಉಸಿರುಗಟ್ಟಿದೆ. ಎರಡೂ ಕೈಯ ಬೆರಳ ಗೆಣ್ಣುಗಳು ಒಡೆದಿವೆ.

ಸುಷ್ಮಾ ದುಶ್ಯಂತನನ್ನು ಕೂರಿಸಿಕೊಂಡಳು.

"ಥಿನ್ನರ್ ಯಾಕೆ ಕೊಟ್ರಿ?"

"ವ್ಯಾಕ್ಸ್ ತೆಗಿಯೋ ದ್ರಾವಣ ಮುಗಿದಿತ್ತು. ಯಜಮಾನ್ರು ಪೇಂಟ್ ಅಂಗಡಿಯಿಂದ ಇದನ್ನೇ ತರ್ಸು ಅಂದ್ರು."

"ಬೀಗ?"

"ಅವ್ರೇ ಹಾಕಿದ್ದು. ಕೆಲಸದೋರು ಬಂದಾಗೆಲ್ಲ ಹಾಕ್ತಾರೆ. ಸೀರೆ ಹೊಟ್ಟೆಗೆ ಸುತ್ಕೊಂಡು ಹೋಗ್ತಾರೆ ಅಂತ."

"ಅವಳ ಫೋನು?"

"ಅದನ್ನೂ ಅವ್ರೇ ಇಸ್ಕೋತಾರೆ."

"ಎಳೆದಿದ್ದು ಯಾರು?"

ದುಶ್ಯಂತ್ ತನ್ನ ಅಂಗೈಗಳನ್ನೇ ನೋಡುತ್ತ ಕೂತ. "ನಾನು," ಎಂದ. "ಆಂಬುಲೆನ್ಸ್ ಬರೋದ್ರೊಳಗೆ ಮೆಟ್ಟಿಲ ಹತ್ರ ಹಾಕು ಅಂದ್ರು. ಹಾಕ್ದೆ."

ನಾಲ್ಕು ಗಂಟೆಗೆ ಎಫ್‌ಐಆರ್ ದಾಖಲಾಯಿತು. ಕೊಲೆಯಲ್ಲದ ನರಹತ್ಯೆ, ಅಕ್ರಮ ಬಂಧನ, ಸಾಕ್ಷ್ಯನಾಶ. ಐದು ನಿಮಿಷದಲ್ಲಿ ಮೇಲಧಿಕಾರಿಯ ಫೋನು.

"ಏನಮ್ಮಾ, ಮ್ಯಾನೇಜರ್ ಒಪ್ಕೊಂಡಿದ್ದಾನಂತಲ್ಲ. ಕೇಸು ಅವನಲ್ಲಿಗೇ ನಿಲ್ಲಿಸಿ."

"ಬೀಗದ ಕೈ ಅವನ ಹತ್ರ ಇರಲಿಲ್ಲ ಸರ್."

"ಮಾಲೀಕ ಬೀಗ ಹಾಕಿದ ಅನ್ನೋದಕ್ಕೆ ಏನಿದೆ?"

"ಹುಡುಕ್ತೀನಿ ಸರ್."

ರವೀಂದ್ರನಗರದ ಮನೆಯಲ್ಲಿ ವಿಜಯೇಂದ್ರ ಗರಿಗರಿ ಜುಬ್ಬಾ ಹಾಕಿ ಕಾಫಿ ಕುಡಿಯುತ್ತಿದ್ದ. ಷಟರ್ ತೆರೆದೇ ಇತ್ತು ಎಂದ. ಭಾನುವಾರ ತಾನು ಮಳಿಗೆಯ ಕಡೆ ಹೋಗಿಯೇ ಇಲ್ಲ, ಆ ಹೆಂಗಸಿನ ಮುಖವನ್ನೂ ನೋಡಿಲ್ಲ ಎಂದ. ಸುಷ್ಮಾ ವಾದ ಮಾಡಲಿಲ್ಲ. ಭೂತಪ್ಪನ ಕಡೆ ನೋಡಿದಳು. ಅವನು ಕಾಶಮ್ಮ ಕೊಟ್ಟ ಹಾಲಮ್ಮನ ನಂಬರಿಗೆ ಕರೆ ಮಾಡಿದ.

ಪೋರ್ಟಿಕೋದಲ್ಲಿ ನಿಂತಿದ್ದ ಕಾರಿನೊಳಗಿಂದ ಸದ್ದು ಬಂತು. ಸೀಟಿನ ಪಕ್ಕದ ಸಂದಿಯಲ್ಲಿ, ರಬ್ಬರ್ ಬ್ಯಾಂಡ್ ಸುತ್ತಿದ ಕೀಪ್ಯಾಡ್ ಫೋನು.

"ಕಾಫಿ ಮುಗಿಸಿ," ಎಂದಳು ಸುಷ್ಮಾ. "ಹೊರಡೋಣ."

ಆ ಮನೆಯಲ್ಲಿ ಹೇಳಿಕೆ ಪಡೆಯುವಾಗ ವಿಜಯೇಂದ್ರನ ಹೆಂಡತಿ ಸೌಂದರ್ಯ ಕೇಳದೆಯೇ ಒಂದು ಮಾತು ಹೇಳಿದಳು. ಹಿಂದೆ ಒಮ್ಮೆ ಮಳಿಗೆಯಿಂದ ಒಂದು ರೇಷ್ಮೆ ಸೀರೆ ಕಾಣೆಯಾಗಿತ್ತು. ಅಂದಿನಿಂದಲೇ ಈ ಬೀಗ. ತಿಂಗಳು ಕಳೆದ ಮೇಲೆ ಸೀರೆ ಸಿಕ್ಕಿತು, ಅವಳದೇ ಬೀರುವಿನಲ್ಲಿ. ಮದುವೆಯೊಂದಕ್ಕೆ ಉಡಲೆಂದು ತಂದು ಮರೆತಿದ್ದಳು. "ಇವರಿಗೆ ಹೇಳ್ದೆ," ಎಂದಳು. "ನಕ್ಕುಬಿಟ್ರು. ಬೀಗ ಹಾಕೋದು ಮಾತ್ರ ಬಿಡಲಿಲ್ಲ." ಹಾಲಮ್ಮನ ಮೇಲೆ ಅವನಿಗೆ ಯಾವ ದ್ವೇಷವೂ ಇರಲಿಲ್ಲ. ದ್ವೇಷ ಮಾಡಬೇಕಾದರೂ ಎದುರಿಗಿರುವುದು ಒಂದು ಮನುಷ್ಯಜೀವ ಅಂತ ಅನ್ನಿಸಬೇಕಲ್ಲ.

ಮಂಗಳವಾರ ಬೆಳಿಗ್ಗೆ ಇಬ್ಬರು ಆರೋಪಿಗಳನ್ನೂ ಸ್ಥಳ ಮಹಜರಿಗೆ ಮಳಿಗೆಗೆ ಕರೆತಂದರು. ಹೊರಗೆ ಸೇಲಿನ ಬ್ಯಾನರ್ ಕಟ್ಟಿಯಾಗಿತ್ತು. ಫೋನಿನ ಗುರುತು ಹಿಡಿಯಲು ಕಾಶಮ್ಮ ಬಂದಿದ್ದಳು. ಎಲ್ಲ ಮುಗಿದು ಜೀಪು ಹತ್ತುವಾಗ ವಿಜಯೇಂದ್ರ ತಿರುಗಿ ನಿಂತ. ಅವನ ದನಿಯಲ್ಲಿ ನಾಚಿಕೆಯ ಸುಳಿವೂ ಇರಲಿಲ್ಲ.

"ನೀನೂ ಇದೇ ಕೆಲಸದೋಳಲ್ವೇನಮ್ಮ? ಫೋಟೊ ಎಲ್ಲ ಆಯ್ತಲ್ಲ. ಆ ಬಿಳೀದೆಲ್ಲ ತೆಗೆದು ನೆಲ ಸರಿ ಮಾಡ್ಬಿಡು. ಬಾಗ್ಲ ಹತ್ರ ಹಳೇದು ಉಳಿದಿದೆ, ಅದನ್ನೂ ತಿಕ್ಕು. ಎಷ್ಟಾಗುತ್ತೋ ಮನೆಯಿಂದ ಕೊಡಿಸ್ತೀನಿ."

ಕಾಶಮ್ಮ ಅವನ ಮುಖ ನೋಡಲಿಲ್ಲ. ತೆರೆದ ಷಟರಿನಡಿ, ಆ ಹಳದಿ ಜಾಗಕ್ಕೆ ಬೆನ್ನು ಕೊಟ್ಟು ಹೊಸಿಲ ಮೇಲೆ ಕೂತಳು.

"ತೆಗೆಯಲ್ಲ," ಎಂದಳು. "ಯಾರು ಬಂದ್ರೂ ತೆಗೆಯೋಕೆ ಬಿಡಲ್ಲ."

"ಮೇಡಂ, ಎಬ್ಬಿಸಿ ಇವಳನ್ನ," ಎಂದ ವಿಜಯೇಂದ್ರ.

ಸುಷ್ಮಾ ಜೀಪಿನ ಬಾಗಿಲು ಹಿಡಿದು ನಿಂತಿದ್ದಳು.

"ಎಬ್ಬಿಸಲ್ಲ," ಎಂದಳು.