ಹಗ್ಗದ ಹಿಂದಿನ ತುದಿ

ನದಿ ದಡದ ನಮ್ಮ ಪಾರ್ಕಿಗೆ ಶಾಲೆಗಳಿಂದ ಪ್ರಕೃತಿ ಪಾಠಕ್ಕೆ ಬರುವ ಮಕ್ಕಳೆಲ್ಲ ನನ್ನ ಜೊತೆ ಕಲಿಸುವವಳಿಗೇ ಅಂಟಿಕೊಳ್ಳುತ್ತಿದ್ದರು. ಅವಳು ಅಕ್ಕ, ನಾನು ಬರೀ ಮಿಸ್. ಅವಳು ರಜೆ ಹಾಕಿದ ದಿನ, ಇವತ್ತು ಮಕ್ಕಳು ನನ್ನವರು ಎಂದುಕೊಂಡೆ. ಕಣ್ಣಿಗೆ ಬಟ್ಟೆ ಕಟ್ಟಿ, ಹಗ್ಗ ಹಿಡಿಸಿ, ನೀರಿನ ಸದ್ದು ಕೇಳಿಸುತ್ತ ನಡೆಸುವುದು ನಮ್ಮ ಪಾಠ. ಮುಂದಿನ ತುದಿ ನಾನು ಹಿಡಿದೆ. ಹಿಂದಿನದು ಅವಳ ಜಾಗ, ಅಂದು ಖಾಲಿ.

ಹಿಂದೆ ಮಕ್ಕಳು ಕಿಲಕಿಲ ನಕ್ಕರು.

"ಏನ್ರೋ ಅಷ್ಟು ನಗು?"

"ಹಿಂದಿರೋ ಅಕ್ಕ ಕಥೆ ಹೇಳ್ತಿದಾರೆ. ಸುಮ್ನಿರಿ ಮಿಸ್!"

ತಿರುಗಿದೆ. ಕೊನೆಯ ಹುಡುಗಿಯ ಹಿಂದೆ ಯಾರೂ ಇರಲಿಲ್ಲ. ಆದರೆ ಹಗ್ಗದ ತುದಿ ನೆಲಕ್ಕೆ ಬಿದ್ದಿರಲಿಲ್ಲ. ಬಿಗಿಯಾಗಿ ನದಿಯ ಕಡೆ ಚಾಚಿಕೊಂಡಿತ್ತು, ಅದರಿಂದ ನೀರು ತೊಟ್ಟಿಕ್ಕುತ್ತಿತ್ತು.

ಮರುದಿನ ಆ ಮಕ್ಕಳ ಶಾಲೆಯ ಟೀಚರ್ ಫೋನ್ ಮಾಡಿದರು. "ಮತ್ತೆ ಬರ್ತೀವಿ. ಮಕ್ಕಳಿಗೆ ಆ ಕೈ ತಣ್ಣಗಿರೋ ಅಕ್ಕನೇ ಬೇಕಂತೆ."

ಹೆದರಿಕೆಗಿಂತ ಮೊದಲು ನನಗೆ ಹೊಟ್ಟೆ ಉರಿಯಿತು.