ಕಣ್ಣಿ ಬಿಚ್ಚದ ಕಾರು

"ಆ ಕಣ್ಣಿ ಒಂದ ಬಿಚ್ಕೋತೇವಿ ಸಾಹೇಬ್ರ. ಆಮ್ಯಾಲ ತಗೊಂಡ್ ಹೋಗ್ರಿ," ಎಂದ ಶೇಖಪ್ಪ, ಕಾರಿನ ಬಾಗಿಲಿಗೆ ಅಡ್ಡ ನಿಂತು. ಕಾರಿನ ಮನೆಯವರ ಪರವಾಗಿ ಮಾರಾಟ ಕುದುರಿಸಿದ ನೆರೆಮನೆಯವ ಅವನೇ.

ಸ್ಟೀರಿಂಗ್ ಕೆಳಗಿನ ಕಂಬಕ್ಕೆ ಹಗ್ಗವೊಂದು ಸುತ್ತಿತ್ತು. ಕರುವಿನ ಕೊರಳಿಗೆ ಕಟ್ಟುವಂಥದು. ನಡುನಡುವೆ ನರೆಗೂದಲು ಹೆಣೆದಿತ್ತು.

ಕಾರು ಕೊಳ್ಳಲು ಬಂದಿದ್ದ ಲೋಕೇಶ ನಕ್ಕ. "ಇದು ಹುಲ್ಲೂ ತಿನ್ನುತ್ತಾ?"

"ನಗಬ್ಯಾಡ್ರಿ. ಎತ್ತು ಮಾರಿದ್ರೂ ನಾವು ಹಗ್ಗಾ ಕೊಡಂಗಿಲ್ಲ. ಹಗ್ಗದ ಜೋಡಿ ಹ್ವಾದ ದನ ಹಳೇ ಹಟ್ಟಿಗೇ ಬರತೈತಿ. ಇದಂತೂ ಮಂತ್ರಿಸಿ ಕಟ್ಟಿದ್ದು."

ಲೋಕೇಶ ದಾಂಡೇಲಿಯ ಕಾಲೇಜಿಗೆ ಭೌತಶಾಸ್ತ್ರ ಕಲಿಸಲು ತುಮಕೂರಿನಿಂದ ಬಂದು ನಾಲ್ಕು ತಿಂಗಳಾಗಿತ್ತು. ಹಿಂದೊಮ್ಮೆ ಹಳೆಯ ಬೈಕು ಕೊಂಡಾಗ, ಅವನು ಪರೀಕ್ಷಿಸಿ ಹೋದ ಮೇಲೆ ಮಾಲೀಕ ಬ್ಯಾಟರಿ ಬದಲಿಸಿಬಿಟ್ಟಿದ್ದ. ಅಂದಿನಿಂದ ಅವನದೊಂದು ನಿಯಮ: ತಾನು ಫೋಟೊ ತೆಗೆದ ಮೇಲೆ ವಾಹನಕ್ಕೆ ಯಾರೂ ಕೈ ಹಾಕಬಾರದು. ಈ ಕಾರಿನ ಇಪ್ಪತ್ಮೂರು ಫೋಟೊಗಳು ಅವನ ಫೋನಿನಲ್ಲಿದ್ದವು. ಹಗ್ಗದ ನೆಪದಲ್ಲಿ ಆ ವೈರುಗಳ ನಡುವೆ ಇನ್ನೊಬ್ಬರ ಬೆರಳು ಆಡುವುದು ಅವನಿಗೆ ಬೇಡವಾಗಿತ್ತು.

"ಇದ್ದದ್ದು ಇದ್ದ ಹಾಗೇ ಬೇಕು. ಹಗ್ಗವೂ ಸೇರಿ," ಎಂದ.

ಕಟ್ಟೆಯ ಮೇಲೆ ಕೂತಿದ್ದ ಗುರುಬಸವ್ವ ಆಗ ತಲೆಯೆತ್ತಿದಳು. ಕಾರು ಅವಳ ಒಬ್ಬನೇ ಮಗ ಈರೇಶನದು. ವರ್ಷದ ಹಿಂದೆ ಇದೇ ಅಂಗಳದಲ್ಲಿ, ಇದೇ ಕಾರಿನೊಳಗೆ ಸತ್ತಿದ್ದ. ಎದೆ ನಿಂತಿತಂತೆ. ಆ ಕಾರಣಕ್ಕೇ ಅವರ ಊರು ಪಾಳಾದ ಸುತ್ತಮುತ್ತ ಯಾರೂ ಅದನ್ನು ಕೇಳಿರಲಿಲ್ಲ; ಬೆಲೆಯೂ ಇಳಿದಿತ್ತು.

"ಬಿಡು ಶೇಖಪ್ಪ," ಎಂದಳು ಮೆಲ್ಲಗೆ. "ಬಾಯಿಬಿಟ್ಟು ಬೇಡ್ಯಾರ. ಕೊಟ್ಟೀನಿ."

ಶೇಖಪ್ಪ ಬಾಗಿಲು ಬಿಟ್ಟು ಸರಿದ.

ಎಂಥ ಕಾರು ಅದು! ಇಂಗ್ಲೆಂಡಿನ ಸಿಡಾನ್, ಉದ್ದ ಮೂತಿ, ಕಾಡಿನ ನೆರಳಿನಂಥ ಕಡುಹಸಿರು. ಗುಂಡಿ ಒತ್ತಿದರೆ ಗೇರಿನ ತಿರುಗಣಿ ಅಂಗೈಗೆ ತಾನಾಗಿ ಏಳುತ್ತಿತ್ತು. ಗಾಳಿಕಿಂಡಿಗಳು ಕಣ್ಣುರೆಪ್ಪೆಗಳಂತೆ ತೆರೆಯುತ್ತಿದ್ದವು. ಅಕ್ರೋಟು ಮರದ ಹಲಗೆ, ಹಳೆಯ ತೊಗಲಿನ ಸಿಹಿ ವಾಸನೆ. ಬಾಗಿಲು ಹಾಕಿದರೆ ಲೋಕದ ಸದ್ದೆಲ್ಲ ಆರಿಹೋಗುತ್ತಿತ್ತು. ಹೊಸದಾಗಿ ಕೊಳ್ಳುವುದು ಅವನ ಸಂಬಳದವರ ಕನಸಿಗೂ ನಿಲುಕದ ಮಾತು.

ಮುಂಡಗೋಡ ದಾಟುವಾಗ ಹೆಂಡತಿ ಸುಮಿತಾ ಫೋನು ಮಾಡಿದಳು.

"ಹೇಗಿದಾಳೆ ನಿಮ್ಮ ಮಹಾರಾಣಿ?"

"ಮಾತು ಕಡಿಮೆ. ನಿನ್ನ ಹಾಗಲ್ಲ."

"ಹಾಗಿದ್ರೆ ಅವಳ ಕೈಲೇ ಅಡುಗೆ ಮಾಡಿಸ್ಕೊಳ್ಳಿ. ನಾಲ್ಕಕ್ಕೆ ಮನೇಲಿರಬೇಕು. ಇವತ್ತೂ ಒಬ್ಬಳೇ ಉಣ್ಣಲ್ಲ ನಾನು."

ಅವನನ್ನು ನಂಬಿ ಕೆಲಸ ಬಿಟ್ಟು ಬಂದವಳು. ದಾಂಡೇಲಿಯಲ್ಲಿ ಅವಳಿಗೆ ಅವನನ್ನು ಬಿಟ್ಟರೆ ಯಾರೂ ಇರಲಿಲ್ಲ. ನಾಲ್ಕಕ್ಕೆ ಬರುವೆನೆಂದು ಮಾತು ಕೊಟ್ಟ.

ಯಲ್ಲಾಪುರದ ಕಡೆಗೆ ಕಾಡು ದಟ್ಟವಾಯಿತು. ಮಧ್ಯಾಹ್ನದ ಬಿಸಿಲು ತೇಗದೆಲೆಗಳಲ್ಲೇ ಸಿಕ್ಕಿಕೊಂಡು, ರಸ್ತೆಯ ಮೇಲೆ ಕತ್ತಲೆ ಕವಿದಿತ್ತು. ಅರ್ಧ ಗಂಟೆಯ ಮೇಲೆ ಒಂದು ಫಲಕ ಕಂಡಿತು. ಮಳಗಿ.

ಮಳಗಿ ಪಾಳಾದ ಹತ್ತಿರದ್ದು, ಬೆನ್ನ ಹಿಂದಿರಬೇಕಾದ ಊರು. ಎಲ್ಲೋ ತಪ್ಪು ತಿರುವು ಹಿಡಿದೆನೆಂದುಕೊಂಡು ಕಾರು ತಿರುಗಿಸಿದ. ಮೈಲಿಮಾಪಕದ ಅಂಕಿ ಗುರುತಿಟ್ಟುಕೊಂಡ. ಇಪ್ಪತ್ತು ಕಿಲೋಮೀಟರು ಓಡಿದ. ಮತ್ತೆ ಮಳಗಿ. ಕೊಂಬೆಗಳ ಸಂದಿನಲ್ಲಿ ಸೂರ್ಯನನ್ನು ನೋಡಿ ದಿಕ್ಕು ಅಳೆದ. ಉತ್ತರಕ್ಕೇ ಹೊರಟಿದ್ದ. ಉತ್ತರಕ್ಕೇ ಓಡಿಸಿದ.

ಮಳಗಿ.

ತೊಗಲಿನ ವಾಸನೆ ಅಡಗಿತ್ತು. ಗಾಳಿಕಿಂಡಿಗಳಿಂದ ಸಗಣಿಯ ಕುಳ್ಳಿನ ಹೊಗೆ, ವಿಭೂತಿ, ಮುದುಕಿಯ ತಲೆಯೆಣ್ಣೆ ತೇಲಿಬಂದವು. ಫೋನಿಗೆ ಸಿಗ್ನಲ್ ಇರಲಿಲ್ಲ. ಅವನು ಬ್ರೇಕ್ ಒತ್ತಿದ. ಕಾರು ನಿಲ್ಲಲಿಲ್ಲ. ಸ್ಟೀರಿಂಗ್ ಬಿಟ್ಟ. ಅದು ತಾನೇ ತಿರುಗಿತು. ಕಾಲ ಬಳಿ ಏನೋ ಬಿಗಿಯಿತು. ಹಗ್ಗ ಹುರಿಗೊಳ್ಳುವ ಸಣ್ಣ ಕಿರಿಕಿರಿ ಸದ್ದು. ಮರಗಳು ಸರಿದವು. ಹೊಲ ಬಂತು. ಊರು ಬಂತು.

ಗುರುಬಸವ್ವನ ಅಂಗಳದಲ್ಲಿ ಇಂಜಿನ್ ತಾನಾಗಿ ಆರಿತು. ಬೀಗಗಳು ಟಕ್ಕೆಂದು ಬಿದ್ದವು.

ಬಿಸಿಲು ಛಾವಣಿಯನ್ನು ಕಾಯಿಸುತ್ತಿತ್ತು. ಸೀಟಿನ ತಲೆದಿಂಬು ಕಿತ್ತು ಅದರ ಕಬ್ಬಿಣದ ಮೊನೆಯಿಂದ ಗಾಜು ಬಡಿದ. ಎರಡು ಪದರದ ಗಾಜು. ಬಿರುಕು ಬಿಟ್ಟಿತು, ಒಡೆಯಲಿಲ್ಲ. ಫೋನಿನಲ್ಲಿ ಇನ್ನೂ ಸಿಗ್ನಲ್ ಇರಲಿಲ್ಲ. ಹಾರ್ನ್ ಒತ್ತಿದ. ಸದ್ದು ಒಳಗಷ್ಟೇ ಮೊಳಗಿತು. ಬೀದಿಯಲ್ಲಿ ಶೇಖಪ್ಪ ಕಂಡ. ಅವನನ್ನು ನೋಡಿದ. ಮುಖ ತಿರುಗಿಸಿ ಬಿರಬಿರನೆ ನಡೆದುಬಿಟ್ಟ.

ಗುರುಬಸವ್ವ ಬಂದು ಗಾಜಿನಾಚೆ ಕುಕ್ಕುರುಗಾಲಲ್ಲಿ ಕೂತಳು. ಅವಳ ದನಿ ಕಾರಿನ ಸ್ಪೀಕರುಗಳಿಂದ ಕೇಳಿಸಿತು.

"ಅವ್ವಾ ಬಂದೆ, ಅನ್ನು. ತೆರೀತೈತಿ."

"ಅಜ್ಜಿ, ಉಸಿರು ಕಟ್ತಾ ಇದೆ. ತೆಗೀರಿ."

"ನಾ ತೆಗಿಯೂವಂಥದ್ದಲ್ಲ ಅದು. ನನ್ನ ಮಗ ಗೋವಾ, ಜೋಯಿಡಾ ಅಂತ ವಾರಗಟ್ಲೆ ತಿರಗಾಂವ. ಮನಿಗೆ ಬರ್ಲಿ ಅಂತ ನನ್ನ ಕೂದಲಾ ಹಾಕಿ ಕಣ್ಣಿ ಕಟ್ಟಿಸಿದೆ. ಬಂದ. ಖರೆ ಬಲು ಹಟಮಾರಿ, ಆ ಮಾತು ಅನ್ನಲೇ ಇಲ್ಲ. ಎರಡು ದಿನ ಒಳಗ ಕುಂತ. ನಾನೂ ಇಲ್ಲೇ ಕುಂತಿದ್ದೆ."

ಲೋಕೇಶನ ನಾಲಿಗೆ ದಪ್ಪಗಾಗಿತ್ತು. ಕಣ್ಣು ಮಂಜಾದವು. ಆದರೂ ತಲೆ ಲೆಕ್ಕ ಹಾಕಿತು. ಮಾತೆಂದರೆ ಗಾಳಿಯ ಕಂಪನ. ಅಷ್ಟೇ. ಎರಡು ಶಬ್ದ ಆಡಿದರೆ ಯಾವ ವಸ್ತುವೂ ಬದಲಾಗದು. ನಂಬಿದವನಿಗೆ ತಾನೇ ಭಯ? ಅವಳ ಸಮಾಧಾನಕ್ಕೆ ಅಂದುಬಿಡುವುದು. ಹೊರಬೀಳುವುದು. ಬಸ್ಸು ಹಿಡಿಯುವುದು. ಸುಮಿತಾ ಕಾಯುತ್ತಿದ್ದಾಳೆ.

"ಅವ್ವಾ," ಎಂದ. "ಬಂದೆ."

ಬಾಗಿಲು ತೆರೆಯಿತು. ತಣ್ಣನೆಯ ಗಾಳಿ ಮುಖಕ್ಕೆ ಬಡಿಯಿತು. ಅವಳ ಕೈ ಅವನ ತಲೆ ಸವರಿತು.

"ಹಸದಿ ಏನೋ. ಕೈಕಾಲ್ ತೊಳಕೋ."

ಅವನು ಬಾವಿಯ ಕಡೆ ನಡೆದ. ಬಾವಿ ಎಲ್ಲಿದೆಯೆಂದು ಕೇಳಬೇಕಾಗಲಿಲ್ಲ. ಎಲ್ಲೋ ತುಂಬಾ ಒಳಗೆ ಯಾರೋ ಗಾಜು ಬಡಿಯುತ್ತಿದ್ದರು. ಬರಬರುತ್ತ ಆ ಸದ್ದು ಸಣ್ಣದಾಯಿತು.

ರೊಟ್ಟಿ ಮುರಿಯುವಾಗ ಕಿಸೆಯಲ್ಲಿ ಫೋನು ನಡುಗಿತು.

"ಎಲ್ಲಿದೀರಾ? ಐದಾಯ್ತು. ಇನ್ನೂ ಊಟ ಮಾಡಿಲ್ಲ ನಾನು."

ಹೆಂಗಸಿನ ದನಿ. ಗಾಬರಿಯಿತ್ತು ಅದರಲ್ಲಿ. ಎಲ್ಲಿ ಕೇಳಿದ್ದೆನೆಂದು ಒಂದು ಕ್ಷಣ ಹುಡುಕಿದ. ಸಿಗಲಿಲ್ಲ.

"ಯಾರು ಬೇಕಾಗಿತ್ರೀ?"

"ತಮಾಷೆ ಸಾಕು ಲೋಕೇಶ್."

"ಓ, ಅವ್ರೇನ್ರೀ," ಎಂದ ಅವನು. "ಕಾರ್ ನೋಡಾಕ ಬಂದಿದ್ರು. ಮಧ್ಯಾಹ್ನನ ಹ್ವಾದ್ರು."