ಬಣ್ಣ ಬಳಿದವಳು

"ಗ್ರಾಫಿಗೆ ಬರೀ ಬಣ್ಣ ಬಳಿದಿದೀಯ ಕಣೇ, ಅದಕ್ಕೂ ಹೆಸರು ಹಾಕ್ಬೇಕಾ?" ಎಂದು ಸಂಪತ್ ನಕ್ಕಿದ್ದ. ಅದು ಸಾಲದು ಅಂತ ಗೈಡ್ ಜಯದೇವಿ ಮೇಡಂ ಕೂಡ, "ಪೇಂಟರ್ ಹೆಸ್ರನ್ನ ಯಾರಾದ್ರೂ ಮನೆ ಬಾಗಿಲ ಮೇಲೆ ಬರೆಸ್ತಾರೇನಮ್ಮ ಕಲಾವತಿ?" ಅಂದುಬಿಟ್ಟರು.

ಕಲಾವತಿಗೆ ಮೈಯೆಲ್ಲ ಉರಿದುಹೋಯಿತು. ಲಗ್ಗೆರೆಯಿಂದ ಪೀಣ್ಯದ ಕಾರ್ಖಾನೆಗಳಿಗೆ ಹೋಗುವ ಹೆಂಗಸರು ದಾರಿಯಲ್ಲಿ ಎಷ್ಟು ಹೊಗೆ ಕುಡಿಯುತ್ತಾರೆ, ನಡೆದು ಹೋಗುವವರಿಗೆ ಹೆಚ್ಚೋ ಬಸ್ಸಿನವರಿಗೆ ಹೆಚ್ಚೋ ಎಂಬುದು ಅವಳೂ ಸಹಸಂಶೋಧಕ ಸಂಪತ್‌ನೂ ಸೇರಿ ಮಾಡಿದ ಅಧ್ಯಯನ. ಸೇರಿ ಅನ್ನುವುದು ಬಾಯಿಮಾತಿಗೆ. ಹೊಗೆ ಅಳೆಯುವ ಪುಟ್ಟ ಡಬ್ಬಿಯನ್ನು ದುಪಟ್ಟಾಕ್ಕೆ ಸಿಕ್ಕಿಸಿಕೊಂಡು ಆ ಹೆಂಗಸರ ಹಿಂದೆ ಅಲೆದವಳು ಇವಳು. ಸಂಪತ್ ನಾಗರಬಾವಿಯಲ್ಲಿ ಅವರಪ್ಪ ಬಾಡಿಗೆಗೆ ಕೊಟ್ಟಿದ್ದ ಬೇಕರಿಯ ಮುಂದೆ ಟೀ ಕುಡಿದವನು. ಅಂಕಿಅಂಶಕ್ಕೆಂದೇ ಇರುವ ಆರ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಗ್ರಾಫ್ ಬರೆದವಳೂ ಇವಳೇ. ಕಂಪ್ಯೂಟರ್ ತಾನಾಗಿ ಕೊಡುವ ಬೂದು ಹಿನ್ನೆಲೆ ಕಿತ್ತು, ಅಕ್ಷರ ದಪ್ಪ ಮಾಡಿ, ಒಂದು ಕಂಬಕ್ಕೆ ಅರಿಸಿನ ಇನ್ನೊಂದಕ್ಕೆ ನೀಲಿ ಕೊಟ್ಟು, ಕೊನೇ ಬೆಂಚಿನವನಿಗೂ ಕಾಣುವ ಹಾಗೆ ತಿದ್ದಿ ತೀಡಿದ್ದಳು. ಈಗ ಅದು ಸಂಪತ್ ಒಬ್ಬನ ಹೆಸರಲ್ಲಿ ವಿಚಾರ ಸಂಕಿರಣದ ಪರದೆ ಏರಲಿತ್ತು. ಅದೇ ಗ್ರಾಫ್ ಅವಳ ಪಿಎಚ್‌ಡಿ ಪ್ರಬಂಧದಲ್ಲೂ ಇತ್ತು, ಪ್ರಬಂಧ ಆಗಲೇ ಪರೀಕ್ಷಕರ ಕೈ ಸೇರಿತ್ತು. ನಾಳೆ ಕದ್ದವರು ಯಾರು ಎಂಬ ಮಾತು ಬಂದರೆ ಮೇಡಂ ಅವನ ಪರ, ಬೆರಳು ಅವಳ ಕಡೆಗೇ. ಪಿಎಚ್‌ಡಿ ಮಣ್ಣುಪಾಲು.

"ಬಣ್ಣಾನ? ತೋರಸ್ತೀನಿ ತಡಿ," ಅಂದುಕೊಂಡಳು.

ಸಂಪತ್‌ಗೆ ಆರ್ ಬರುತ್ತಿದ್ದದ್ದು ಗುಂಡಿ ಒತ್ತುವಷ್ಟು ಮಾತ್ರ. ಒತ್ತಿದಾಗಲೆಲ್ಲ ಗ್ರಾಫ್ ಹೊಸದಾಗಿ ಮೂಡುತ್ತಿತ್ತು. ಅಂಕಿಗಳು ಒಂದು ಫೈಲಿನಿಂದ, ರೂಪವೆಲ್ಲ ಇನ್ನೊಂದರಿಂದ. ಬಣ್ಣ, ಅಕ್ಷರ, ಕಂಬಗಳ ಬುಡದ ಹೆಸರು ಎಲ್ಲವೂ ಕಲಾವತಿ ಬರೆದಿಟ್ಟ ಆ ಎರಡನೇ ಫೈಲಿನಲ್ಲಿ. ಅದರ ಒಂದು ಪ್ರತಿ ವಿಭಾಗದ ಕಂಪ್ಯೂಟರಿನಲ್ಲಿ, ಯಾರು ಬೇಕಾದರೂ ತೆರೆಯುವ ಜಾಗದಲ್ಲಿ ಸಂಪತ್‌ಗೆಂದು ಬಿದ್ದಿತ್ತು. ಅವಳು ಮಾಡಬೇಕಾದ್ದು ಇಷ್ಟೇ. ಕಂಬಗಳ ಬುಡದ ಎರಡು ಹೆಸರುಗಳನ್ನು ಅದಲು ಬದಲು ಮಾಡುವುದು. ಅಂಕಿ ಒಂದನ್ನೂ ಮುಟ್ಟುವಂತಿಲ್ಲ. ಮೋಸ ಹುಡುಕುವವರು ಅಂಕಿಗಳನ್ನು ತಡಕಾಡುತ್ತಾರೆ, ಅಲಂಕಾರ ಯಾರಿಗೆ ಬೇಕು? ಬರೀ ಬಣ್ಣ ತಾನೆ!

ನಡೆಯುವವರಿಗೇ ಹೊಗೆ ಹೆಚ್ಚು ಎಂದು ಅವಳ ಪ್ರಬಂಧ ಹೇಳುತ್ತಿತ್ತು. ಇನ್ನು ಸಂಪತ್‌ನ ಪರದೆ ಬಸ್ಸಿನವರಿಗೆ ಹೆಚ್ಚು ಅನ್ನುತ್ತದೆ. ಪರದೆಯಲ್ಲಿ ಕಂಡದ್ದನ್ನು ಗಿಣಿಪಾಠ ಒಪ್ಪಿಸುವ ಆಸಾಮಿ ಅವನು, ಅನುಮಾನವೇ ಬರುವುದಿಲ್ಲ. ಮುಂದಿನ ಸಾಲಿನಲ್ಲಿ ಶ್ರೀರಾಮ್ ಸಾರ್ ಕೂತಿರುತ್ತಾರೆ, ಅವಳ ಪ್ರಬಂಧದ ಪರೀಕ್ಷಕರು. ಅವರ ಮುಂದೆ ಅವಳು ಎದ್ದು ನಿಂತು ಪಾಪದವಳ ಹಾಗೆ ಒಂದೇ ಒಂದು ಪ್ರಶ್ನೆ ಕೇಳುತ್ತಾಳೆ. ಕದ್ದ ಗ್ರಾಫನ್ನು ಸರಿಯಾಗಿ ತೋರಿಸಲೂ ಬಾರದವನ ಮಾನ ಹರಾಜಾಗುತ್ತದೆ. ಹೆಸರುಗಳನ್ನು ಬದಲಾಯಿಸಿ, ಫೈಲು ಮುಚ್ಚಿ ಎದ್ದಳು.

ಎಲ್ಲ ಅಂದುಕೊಂಡ ಹಾಗೇ ನಡೆಯಿತು. ಸಂಪತ್ ಇಸ್ತ್ರಿ ಮಾಡಿದ ಶರ್ಟು ತೊಟ್ಟು ಬಂದು, ಗುಂಡಿ ಒತ್ತಿ, "ನೋಡಿ ಸಾರ್, ಬಸ್ಸಲ್ಲಿ ಹೋಗೋರೇ ಜಾಸ್ತಿ ಹೊಗೆ ಕುಡೀತಾ ಇದಾರೆ," ಅಂದ. ಜಯದೇವಿ ಮೇಡಂ ಹೆಮ್ಮೆಯಿಂದ ತಲೆಯಾಡಿಸಿದರು.

ಕಲಾವತಿ ಎದ್ದಳು. "ತಪ್ಪು ತಿಳ್ಕೋಬ್ಯಾಡ್ರಿ ಸಾರ್. ಇದೇ ಗ್ರಾಫ್ ನನ್ನ ಪ್ರಬಂಧದಾಗೂ ಐತ್ರಿ. ಅದ್ರಾಗ ನಡ್ಕೊಂಡು ಹೋಗೋರಿಗೆ ಜಾಸ್ತಿ. ಎರಡ್ರಾಗ ಒಂದು ಸುಳ್ಳಿರಬೇಕಲ್ರೀ. ಮೂಲ ಅಂಕಿ ತಗದು ನೋಡಿದ್ರ ಚಲೋ."

ಸಂಪತ್‌ನ ಮುಖ ಬಿಳಿಚಿಕೊಂಡಿತು. ಮೇಡಂ ನೀರಿನ ಬಾಟಲಿಗೆ ಕೈ ಹಾಕಿದರು. ಇಷ್ಟು ದಿನ ನುಂಗಿದ ಸಿಟ್ಟಿಗೆಲ್ಲ ಬಡ್ಡಿ ಸಮೇತ ಸಿಕ್ಕಿತು ಅನ್ನಿಸಿ ಕಲಾವತಿಗೆ ಕಣ್ಣು ತುಂಬಿ ಬಂತು.

"ಅದಕ್ಕೇನಂತೆ, ಈಗ್ಲೇ ನೋಡೋಣ," ಎಂದು ಶ್ರೀರಾಮ್ ಸಾರ್ ಲ್ಯಾಪ್‌ಟಾಪ್ ಎಳೆದುಕೊಂಡರು. ಗ್ರಾಫ್ ಬದಿಗಿಟ್ಟು ಎರಡು ಗುಂಪಿನ ಸರಾಸರಿ ತೆಗೆದರು, ಮತ್ತೊಮ್ಮೆ ತೆಗೆದರು. ಆಮೇಲೆ ಕನ್ನಡಕ ಸರಿಮಾಡಿಕೊಂಡು ತಿರುಗಿದ್ದು ಸಂಪತ್ ಕಡೆಗಲ್ಲ.

"ಅವರದ್ದು ಸರಿಯಾಗೇ ಇದೆಯಮ್ಮ. ಬಸ್ಸಿನವರಿಗೇ ಜಾಸ್ತಿ. ನಿಮ್ಮ ಪ್ರಬಂಧಾನ ನಾನು ಒಪ್ಪೋಕಾಗಲ್ಲ." ಆಗ ಹೊಳೆಯಿತು ಕಲಾವತಿಗೆ. ಬೇರೆ ಹೇಳದಿದ್ದರೆ ಆರ್ ಗುಂಪುಗಳನ್ನು ಇಂಗ್ಲಿಷ್ ಅಕ್ಷರಮಾಲೆಯ ಸಾಲಿನಲ್ಲೇ ನಿಲ್ಲಿಸುತ್ತದೆ, ಮೊದಲು ಬಿ ಅಕ್ಷರದ ಬಸ್, ಆಮೇಲೆ ಡಬ್ಲ್ಯು ಅಕ್ಷರದ ವಾಕ್, ಅಂದರೆ ನಡೆಯುವವರು. ಇದು ಮೊದಲ ವರ್ಷದ ಪಾಠ. ಆದರೆ ಗ್ರಾಫನ್ನು ಚೆಂದಗಾಣಿಸುವ ಭರದಲ್ಲಿ ಅವಳು ಕಂಬಗಳ ಬುಡಕ್ಕೆ ಮೊದಲು ವಾಕ್, ಆಮೇಲೆ ಬಸ್ ಎಂದು ಬರೆದಿದ್ದಳು. ಯಾರಿಗೆ ಹೆಚ್ಚು ಎಂಬುದನ್ನು ಆ ಚಿತ್ರ ನೋಡಿಯೇ ಪ್ರಬಂಧಕ್ಕೆ ಇಳಿಸಿದ್ದಳು. ತಪ್ಪು ಮೊದಲ ದಿನದಿಂದಲೂ ಅಲ್ಲೇ ಕೂತಿತ್ತು, ಅದನ್ನು ಸರಿ ಮಾಡಿಕೊಟ್ಟದ್ದು ಅವಳೇ, ಸಂಪತ್‌ನ ಪ್ರತಿಯಲ್ಲಿ ಮಾತ್ರ.